60 ಮಕ್ಕಳ ನರ್ಸಿಂಗ್ ಬ್ಯಾಚ್‌ಗೆ ಎಷ್ಟು ವಿಆರ್ ಹೆಡ್‌ಸೆಟ್ ಬೇಕು? ಯಾವ ಪಾಠಕ್ಕೆ ಬಳಸಬೇಕು?

ಹೇಮಾವತಿ_ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ನರ್ಸಿಂಗ್, ಬ್ಯಾಚ್‌ಗೆ 60 ಮಕ್ಕಳು. ಸ್ಕಿಲ್ ಲ್ಯಾಬ್ ಪಕ್ಕದಲ್ಲಿ 20×24 ಅಡಿಯ ಕೋಣೆಯೊಂದು ಖಾಲಿ ಇದೆ. ಅದನ್ನು ವಿಆರ್ (ವರ್ಚುವಲ್ ರಿಯಾಲಿಟಿ, ಹೆಡ್‌ಸೆಟ್ ಹಾಕಿ ಕೃತಕ ವಾರ್ಡ್ ನೋಡುವುದು) ಲ್ಯಾಬ್ ಮಾಡೋಣ ಅಂತ ಮ್ಯಾನೇಜ್‌ಮೆಂಟ್ ಒಪ್ಪಿದೆ. ಬಂದಿರುವ ಕೊಟೇಶನ್‌ನಲ್ಲಿ 10 ಹೆಡ್‌ಸೆಟ್ ಮತ್ತು ಸಾಫ್ಟ್‌ವೇರ್‌ನ ವರ್ಷದ ಲೈಸೆನ್ಸ್ ಇದೆ. ಡೆಮೊದಲ್ಲಿ ಐವಿ ಕ್ಯಾನುಲಾ (ನರಕ್ಕೆ, ಅಂದರೆ ರಕ್ತನಾಳಕ್ಕೆ ಏರಿಸುವ ಸಣ್ಣ ನಳಿಗೆ) ಹಾಕುವುದು, ಕ್ಯಾಥೆಟರ್ (ಮೂತ್ರದ ನಳಿಗೆ) ಹಾಕುವುದು, ಎಲ್ಲವನ್ನೂ ತೋರಿಸಿದರು. ನೋಡಲು ಬಹಳ ಚೆನ್ನಾಗಿದೆ.

ನನ್ನ ಪ್ರಶ್ನೆಗಳು ಇಷ್ಟು. ಆ ಕೋಣೆಗೆ ನಿಜಕ್ಕೂ ಹತ್ತು ಹೆಡ್‌ಸೆಟ್ ಬೇಕಾ? ಮೊದಲ ವರ್ಷ ಯಾವ ಪಾಠದಿಂದ ಶುರು ಮಾಡಿದರೆ ಪ್ರಯೋಜನ? ಇದನ್ನು ಕ್ಲಿನಿಕಲ್ ಅವರ್ಸ್‌ಗೆ ಸೇರಿಸಬಹುದು ಅಂತ ಮಾರುವವರು ಹೇಳ್ತಾರೆ, ಸರಿಯಾ? ಇನ್ನೊಂದು: ಸಾಫ್ಟ್‌ವೇರ್ ಪೂರ್ತಿ ಇಂಗ್ಲಿಷ್. ರೋಗಿಯೂ ಇಂಗ್ಲಿಷ್‌ನಲ್ಲೇ ನರಳ್ತಾನೆ.

ಡಿಬ್ರೀಫ್_ಮೇಡಂ

ಮೊದಲು ಡೆಮೊದ ವಿಚಾರ. ಕ್ಯಾನುಲಾ ಹಾಕುವುದನ್ನು ವಿಆರ್‌ನಲ್ಲಿ ಕಲಿಸಬೇಡಿ. ಬೆರಳ ತುದಿಯಲ್ಲಿ ನರ ಪುಟಿಯುವುದು ಗೊತ್ತಾಗಬೇಕು, ಚರ್ಮ ಎಳೆದು ಹಿಡಿಯಬೇಕು, ಸೂಜಿ ನರದೊಳಗೆ ಹೋದಾಗ ಆ ಸಣ್ಣ 'ಟಕ್' ಕೈಗೆ ಸಿಗಬೇಕು. ಕಂಟ್ರೋಲರ್ (ಹೆಡ್‌ಸೆಟ್ ಜೊತೆ ಬರುವ ಕೈಹಿಡಿ) ಹಿಡಿದ ಕೈಗೆ ಇದು ಯಾವುದೂ ಬರುವುದಿಲ್ಲ, ಬರುವುದು ಒಂದು ಸಣ್ಣ ನಡುಕ ಮಾತ್ರ. ಸ್ಕಿಲ್ ಲ್ಯಾಬ್‌ನ ರಬ್ಬರ್ ತೋಳು ಹೆಡ್‌ಸೆಟ್ ಬೆಲೆಯ ಒಂದು ಪಾಲಿಗೆ ಸಿಗುತ್ತದೆ, ಈ ಕೆಲಸವನ್ನು ಅದೇ ಚೆನ್ನಾಗಿ ಕಲಿಸುತ್ತದೆ. ಕ್ಯಾಥೆಟರ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಗೆ), ಹೊಟ್ಟೆ ಮುಟ್ಟಿ ನೋಡುವುದು, ಹೆರಿಗೆ ಆದಮೇಲೆ ಗರ್ಭಕೋಶ ಉಜ್ಜುವುದು, ಇವೆಲ್ಲ ಅದೇ ಸಾಲಿಗೆ ಸೇರಿದವು.

ವಿಆರ್ ಎಲ್ಲಿ ಉಪಯೋಗ ಅಂದರೆ, ಗಮನಿಸುವುದು, ತೀರ್ಮಾನ ಮಾಡುವುದು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು, ಡಾಕ್ಟರಿಗೆ ಫೋನಲ್ಲಿ ಹೇಳುವುದು. ವಾರ್ಡ್ ಪೋಸ್ಟಿಂಗ್‌ನಲ್ಲಿ ರೋಗಿ ಕೆಡುತ್ತಿದ್ದಾನೆ ಅಂದ ತಕ್ಷಣ ವಿದ್ಯಾರ್ಥಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ಸರಿಸಲೇಬೇಕು, ಅದು ನ್ಯಾಯವೇ. ಆದ್ದರಿಂದ ಆ ಹತ್ತು ನಿಮಿಷ ಅವಳ ಕೈಗೆ ಬರುವುದು ಕೆಲಸಕ್ಕೆ ಸೇರಿದ ಮೇಲೆಯೇ. ಅದನ್ನು ಮೊದಲೇ ಕೊಡಲು ವಿಆರ್ ಬೇಕು.

ಹಾಗಾಗಿ ಶುರುವಿಗೆ ಒಂದೇ ಪಾಠ ಸಾಕು: ರಕ್ತ ಕೊಡುವಾಗ ಬರುವ ರಿಯಾಕ್ಷನ್. ಕೈಚಳಕ ಕಡಿಮೆ, ಕಣ್ಣು ಕಿವಿ ಹೆಚ್ಚು. ತಪ್ಪಾದರೆ ಜೀವಕ್ಕೆ ಅಪಾಯ. ವಾರ್ಡ್‌ನಲ್ಲಿ ವಿದ್ಯಾರ್ಥಿಗೆ ನೋಡಸಿಗುವುದು ಅಪರೂಪ.

ಸಿನಾರಿಯೊ ಹೀಗೆ ಕಟ್ಟಿ. ಲಕ್ಷ್ಮಮ್ಮ, 45, ಹಿಮೋಗ್ಲೋಬಿನ್ 6.2, ಒಂದು ಯೂನಿಟ್ ಪ್ಯಾಕ್ಡ್ ಸೆಲ್ (ಕೆಂಪು ಕಣದ ರಕ್ತ). ಅದೇ ವಾರ್ಡ್‌ನಲ್ಲಿ ಇನ್ನೊಬ್ಬ ಲಕ್ಷ್ಮಮ್ಮ ಇರಲಿ. ಮೊದಲ ಪರೀಕ್ಷೆ ಅಲ್ಲೇ ಶುರು. "ನೀವು ಲಕ್ಷ್ಮಮ್ಮನಾ?" ಅಂತ ಕೇಳಿದರೆ ಇಬ್ಬರೂ ಹೂಂ ಅಂತಾರೆ. "ನಿಮ್ಮ ಹೆಸರೇನಮ್ಮ, ಯಜಮಾನರ ಹೆಸರೇನು?" ಅಂತ ಕೇಳಿ, ಕೈಪಟ್ಟಿಯ ನಂಬರನ್ನು ಬ್ಯಾಗಿನ ಚೀಟಿ ಮತ್ತು ಕ್ರಾಸ್‌ಮ್ಯಾಚ್ (ರಕ್ತ ಹೊಂದುತ್ತದಾ ಅನ್ನುವ ಪರೀಕ್ಷೆ) ರಿಪೋರ್ಟಿಗೆ ಹೋಲಿಸಬೇಕು, ಅದೂ ಮಂಚದ ಪಕ್ಕದಲ್ಲಿ, ಇಬ್ಬರು ಸೇರಿ. ನರ್ಸಿಂಗ್ ಸ್ಟೇಷನ್‌ನಲ್ಲಿ ನೋಡಿ ಬಂದದ್ದು ಲೆಕ್ಕಕ್ಕಿಲ್ಲ.

ಶುರುವಿನ ವೈಟಲ್ಸ್: ಟೆಂಪರೇಚರ್ 36.8, ಪಲ್ಸ್ 88, ಬಿ.ಪಿ. 124/80, ಉಸಿರಾಟ 18, ಸ್ಯಾಚುರೇಷನ್ 97. ನ್ಯೂಸ್-2 ಸ್ಕೋರ್ (ರೋಗಿ ಎಷ್ಟು ಕೆಡುತ್ತಿದ್ದಾನೆ ಅಂತ ವೈಟಲ್ಸ್‌ನಿಂದ ಕೂಡುವ ಅಂಕ) ಸೊನ್ನೆ. ರಕ್ತ ಹತ್ತಿದ ಹನ್ನೆರಡನೇ ನಿಮಿಷಕ್ಕೆ 38.6, 118, 98/60, 24, 95. ಕೂಡಿದರೆ 1+2+2+2+1, ಒಟ್ಟು 8. ಏಳಾದರೇ ತುರ್ತು. ಇದರಲ್ಲಿ ಒಂದೊಂದೇ ಅಂಕಿಯನ್ನು ನೋಡಿದರೆ ಯಾವುದೂ ಭಯಂಕರ ಅನ್ನಿಸುವುದಿಲ್ಲ, ಹಾಗೆ ಬೇಕೆಂದೇ ಇಟ್ಟದ್ದು. 'ಸ್ವಲ್ಪ ಜ್ವರ, ಪ್ಯಾರಸಿಟಮಾಲ್ ಕೊಡೋಣ' ಅಂತ ಹೋಗುವ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ.

ಮಾಡಬೇಕಾದ್ದು: ಕ್ಲ್ಯಾಂಪ್ ಮುಚ್ಚುವುದು, ಮೊದಲು ಅದು. ಆಮೇಲೆ ಸೆಟ್ಟನ್ನು (ರಕ್ತ ಹರಿಯುವ ಟ್ಯೂಬ್) ಕ್ಯಾನುಲಾ ಹಬ್‌ನಿಂದಲೇ (ಕ್ಯಾನುಲಾದ ಹೊರಗಿನ ತುದಿ) ಬಿಚ್ಚಿ ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ (ಎನ್‌ಎಸ್). ಹಳೆಯ ಸೆಟ್‌ಗೇ ಸಲೈನ್ ಚುಚ್ಚಿದರೆ ಟ್ಯೂಬ್‌ನಲ್ಲಿ ಉಳಿದ ರಕ್ತವನ್ನೆಲ್ಲ ನಾವೇ ಒಳಗೆ ತಳ್ಳಿದಂತೆ. ವೈಟಲ್ಸ್, ಹೆಸರು-ನಂಬರ್ ಮತ್ತೆ ತಾಳೆ, ಡ್ಯೂಟಿ ಡಾಕ್ಟರಿಗೆ ಫೋನ್. ಬ್ಯಾಗನ್ನು ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ಕಳಿಸಬೇಕು, ಕಸದ ಬುಟ್ಟಿಗಲ್ಲ. ಜೊತೆಗೆ ಹೊಸ ರಕ್ತದ ಸ್ಯಾಂಪಲ್, ಮೊದಲ ಮೂತ್ರ. ಮೂತ್ರ ಕೆಂಪಗಿದೆಯಾ ಅಂತ ನೋಡಿ ಬರೆಯಬೇಕು.

ಫೋನ್ ಮಾತು ಇಷ್ಟಿದ್ದರೆ ಸಾಕು: "ಸರ್, ಫೀಮೇಲ್ ಮೆಡಿಕಲ್, ಬೆಡ್ 6 ಲಕ್ಷ್ಮಮ್ಮ. ಬ್ಲಡ್ ಹಾಕಿ 12 ನಿಮಿಷಕ್ಕೆ ಚಳಿ, ಸೊಂಟ ನೋವು ಶುರುವಾಗಿದೆ. ಹಿಮೋಗ್ಲೋಬಿನ್ 6.2 ಅಂತ ಒಂದು ಯೂನಿಟ್ ಹಾಕಿದ್ದು. ಟೆಂಪರೇಚರ್ 98.2 ಇದ್ದದ್ದು 101.5, ಬಿ.ಪಿ. 98/60, ಪಲ್ಸ್ 118. ಟ್ರಾನ್ಸ್‌ಫ್ಯೂಷನ್ ರಿಯಾಕ್ಷನ್ ಅನ್ಸುತ್ತೆ ಸರ್, ಬ್ಲಡ್ ನಿಲ್ಲಿಸಿ ಹೊಸ ಸೆಟ್‌ನಲ್ಲಿ ಎನ್‌ಎಸ್ ಹಾಕಿದೀನಿ. ಈಗಲೇ ಬಂದು ನೋಡಬೇಕು ಸರ್." ಕೊನೆಯ ವಾಕ್ಯವನ್ನು ಮುಕ್ಕಾಲುಪಾಲು ಮಕ್ಕಳು ನುಂಗಿಬಿಡುತ್ತಾರೆ. ವಿಷಯವೆಲ್ಲ ಹೇಳಿ, ಏನು ಬೇಕು ಅಂತ ಮಾತ್ರ ಹೇಳದೆ ಫೋನ್ ಇಡುತ್ತಾರೆ.

ಅಂದಹಾಗೆ ಸಾಫ್ಟ್‌ವೇರ್ ಸೆಲ್ಸಿಯಸ್ ತೋರಿಸುತ್ತದೆ, ವಾರ್ಡಿನ ಥರ್ಮಾಮೀಟರ್ ಫ್ಯಾರನ್‌ಹೀಟ್. 38.6 ಅಂದರೆ 101.5 ಅಂತ ತಲೆಯಲ್ಲಿ ಕೂರುವವರೆಗೆ ಗೋಡೆಗೊಂದು ಪಟ್ಟಿ ಅಂಟಿಸಿ.

ಡಿಬ್ರೀಫ್_ಮೇಡಂ

(ಮುಂದುವರಿಕೆ, ಹೆಡ್‌ಸೆಟ್ ಲೆಕ್ಕ)

ಹತ್ತು ಬೇಡ. ನಾಲ್ಕು, ಮೇಲೊಂದು ಸ್ಪೇರ್. ಕೋಣೆಯೇ ಅದನ್ನು ಹೇಳುತ್ತದೆ. ಒಬ್ಬರಿಗೆ ಓಡಾಡಲು 6.5×6.5 ಅಡಿ ಜಾಗ ಬೇಕು, ಇಬ್ಬರ ಮಧ್ಯೆ 3 ಅಡಿ. 20 ಅಡಿ ಬದಿಯಲ್ಲಿ ಎರಡು ಚೌಕ ಕೂತರೆ 16 ಅಡಿ ಹೋಯಿತು, ಗೋಡೆ ಪಕ್ಕ ಎರಡೆರಡು ಅಡಿ ಉಳಿಯಿತು. 24 ಅಡಿ ಬದಿಯಲ್ಲೂ ಎರಡು, ಉಳಿದ 8 ಅಡಿ ಮೇಜು, ಬೀರು, ಬಾಗಿಲಿಗೆ. ಹತ್ತು ಜನ ಅಲ್ಲಿ ನಿಂತರೆ ಒಬ್ಬರ ಕೈ ಇನ್ನೊಬ್ಬರ ಮೂಗಿಗೆ.

60 ಮಕ್ಕಳನ್ನು 12ರ ಐದು ಗುಂಪು ಮಾಡಿ. 12 ಜನ ಅಂದರೆ ಮೂವರ ನಾಲ್ಕು ತಂಡ, ತಂಡಕ್ಕೊಂದು ಹೆಡ್‌ಸೆಟ್. ಒಬ್ಬಳು ಹೆಡ್‌ಸೆಟ್ ಹಾಕುತ್ತಾಳೆ. ಒಬ್ಬಳು ಟ್ಯಾಬ್‌ನಲ್ಲಿ ಅವಳಿಗೆ ಕಾಣುವುದನ್ನೇ ನೋಡುತ್ತ ಸಮಯ ಬರೆಯುತ್ತಾಳೆ. ಮೂರನೆಯವಳು ಪಕ್ಕದಲ್ಲಿ ನಿಂತು ಗೋಡೆಗೆ, ಮೇಜಿಗೆ ತಗಲದಂತೆ ಕಾಯುತ್ತಾಳೆ. ಮೊದಲ ವಿವರಣೆ 20 ನಿಮಿಷ. ಸಿನಾರಿಯೊ 12 ನಿಮಿಷ, ಒರೆಸಿ ಬದಲಾಯಿಸಲು 5, ಮೂರು ಸರದಿಗೆ 51. ಡಿಬ್ರೀಫಿಂಗ್ (ಮುಗಿದಮೇಲೆ ಕೂತು ಮಾಡುವ ಚರ್ಚೆ) 45. ಒಟ್ಟು 116 ನಿಮಿಷ, ಎರಡು ಗಂಟೆಯ ಒಂದು ಪಿರಿಯಡ್. ಐಎನ್‌ಸಿಯ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) 2021ರ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಸ್ಕಿಲ್ ಲ್ಯಾಬ್‌ನ ಒಂದು ಕ್ರೆಡಿಟ್ ಅಂದರೆ ವಾರಕ್ಕೆ 2 ಗಂಟೆ, 20 ವಾರಕ್ಕೆ 40 ಗಂಟೆ. ಒಬ್ಬ ವಿದ್ಯಾರ್ಥಿಗೆ ಅದರಲ್ಲಿ ಎರಡು ಗಂಟೆ ಹೋಗುತ್ತದೆ. ಟೀಚರಿಗೆ ಮಾತ್ರ ಐದು ಗುಂಪಿಗೆ ಹತ್ತು ಗಂಟೆ, ಅದನ್ನು ಟೈಮ್‌ಟೇಬಲ್‌ನಲ್ಲಿ ಮೊದಲೇ ತೆಗೆದಿಡಿ. ಉಳಿದ 48 ಮಂದಿ ಆ ಹೊತ್ತಿಗೆ ಪೋಸ್ಟಿಂಗ್‌ನಲ್ಲಿರಬೇಕು. ಬಾಗಿಲ ಹೊರಗೆ ಸಾಲು ನಿಂತರೆ ಉತ್ತರ ಕಿವಿಯಿಂದ ಕಿವಿಗೆ ಹೋಗುತ್ತದೆ.

ಇಲ್ಲೊಂದು ತೊಡಕು. ಮೂವರೂ ಅದೇ ಕೇಸ್ ಮಾಡಿದರೆ ಎರಡನೆಯವಳಿಗೆ ಗುಟ್ಟು ಗೊತ್ತು, ಮೂರನೆಯವಳು ಬಾಯಿಪಾಠ ಒಪ್ಪಿಸುತ್ತಾಳೆ. ಆದ್ದರಿಂದ ಮೂರು ಬಗೆ ಬೇಕು. ಒಂದು ಮೇಲೆ ಹೇಳಿದ್ದು, ಗುಂಪು ತಪ್ಪಿದ ರಕ್ತ, ಬಿ.ಪಿ. ಇಳಿಯುವುದು. ಎರಡನೆಯದು 70ರ ಅಜ್ಜಿ, ಹೃದಯ ಮೊದಲೇ ದುರ್ಬಲ, ರಕ್ತ ಬೇಗ ಹರಿದು ಓವರ್‌ಲೋಡ್ (ಹೃದಯ ತಾಳಲಾರದಷ್ಟು ದ್ರವ): ದಮ್ಮು, ಶ್ವಾಸಕೋಶದಲ್ಲಿ ಚರಚರ ಸದ್ದು, ಇಲ್ಲಿ ಬಿ.ಪಿ. ಏರುತ್ತದೆ. ನಿಲ್ಲಿಸಿ, ಎಬ್ಬಿಸಿ ಕೂರಿಸಿ, ಕಾಲು ಕೆಳಗೆ ಬಿಡಿಸಿ, ಆಕ್ಸಿಜನ್ ಕೊಟ್ಟು ಡಾಕ್ಟರನ್ನು ಕರೆಯಬೇಕು. ಮೊದಲ ಕೇಸ್‌ನಂತೆ ಇಲ್ಲೂ ಸಲೈನ್ ಜೋರಾಗಿ ಬಿಟ್ಟರೆ ರೋಗಿ ಇನ್ನಷ್ಟು ಮುಳುಗುತ್ತಾಳೆ. ಈ ಎರಡನ್ನು ಅಕ್ಕಪಕ್ಕ ಇಟ್ಟಾಗಲೇ ಮಕ್ಕಳು ಬಿ.ಪಿ. ನೋಡಿ ಯೋಚಿಸಲು ಶುರು ಮಾಡುವುದು.

ಮೂರನೆಯದು ಏನೂ ಆಗದ ಕೇಸ್. ರಕ್ತ ಸುಮ್ಮನೆ ಹೋಗುತ್ತದೆ, ರೋಗಿ ಮನೆ ಕರು ಹಾಕಿದ ಕಥೆ ಹೇಳುತ್ತಾಳೆ, ಅಷ್ಟೆ. ಸಾಫ್ಟ್‌ವೇರ್‌ನಲ್ಲಿ ಇಂಥದ್ದು ಸಾಮಾನ್ಯವಾಗಿ ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಿ. ಇದಿಲ್ಲದಿದ್ದರೆ ಮಕ್ಕಳು ಕಲಿಯುವುದು 'ಹೆಡ್‌ಸೆಟ್ ಹಾಕಿದರೆ ಕ್ಲ್ಯಾಂಪ್ ಮುಚ್ಚಬೇಕು' ಅನ್ನುವುದನ್ನು ಮಾತ್ರ.

ಮುಳ್ಳಯ್ಯನಗಿರಿ_ಟೆಕ್ (ಚಿಕ್ಕಮಗಳೂರು)

ಮೇಡಂ ಪಾಠದ ಕಡೆ ಹೇಳಿದರು, ನಾನು ತಂತಿ-ಲೈಟಿನ ಕಡೆ.

ಬೆಳಕು: ಈಗಿನ ಹೆಡ್‌ಸೆಟ್‌ಗಳು ತಮ್ಮ ಮೈಮೇಲಿನ ಕ್ಯಾಮೆರಾಗಳಿಂದ ಕೋಣೆಯನ್ನು ನೋಡಿ ತಾವೆಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತವೆ. ಬರೀ ಬಿಳಿ ಗೋಡೆ, ಹೊಳೆಯುವ ವಿಟ್ರಿಫೈಡ್ ಟೈಲ್ಸ್, ದೊಡ್ಡ ಕನ್ನಡಿ, ಮೂರೂ ತೊಂದರೆ. ಹಿಡಿದುಕೊಳ್ಳಲು ಗುರುತೇ ಸಿಗದೆ ಚಿತ್ರ ಜಾರುತ್ತದೆ, ಮಂಚ ಅರ್ಧ ಅಡಿ ಪಕ್ಕಕ್ಕೆ ಹೋಗುತ್ತದೆ. ಗೋಡೆಗೆ ನಾಲ್ಕಾರು ಅನಾಟಮಿ ಚಾರ್ಟ್ ಅಂಟಿಸಿ, ನೆಲಕ್ಕೆ ಮ್ಯಾಟ್ ಹಾಸಿ, ಅಷ್ಟರಲ್ಲೇ ಬಹುಪಾಲು ಸರಿಹೋಗುತ್ತದೆ. ಮ್ಯಾಟ್‌ನ ಅಂಚು ಕಾಲಿಗೆ ತಗಲಿದರೆ ಗಡಿ ಬಂತು ಅಂತ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ, ಅದೊಂದು ಲಾಭ. ಹಳೆಯ ಟ್ಯೂಬ್‌ಲೈಟ್ ಇದ್ದರೆ ಕ್ವೆಸ್ಟ್ (ಮೆಟಾ ಕಂಪನಿಯ ಹೆಡ್‌ಸೆಟ್) ಸೆಟ್ಟಿಂಗ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್ ಮಾಡಿ, 60ರಲ್ಲಿ ಬಿಡಬೇಡಿ. ಕಿಟಕಿಗೆ ದಪ್ಪ ಪರದೆ ಕಡ್ಡಾಯ. ಹೆಡ್‌ಸೆಟ್‌ನ ಲೆನ್ಸ್ ಭೂತಗನ್ನಡಿ ಇದ್ದಹಾಗೆ. ಲೆನ್ಸ್ ಮೇಲಾಗಿ ಕಿಟಕಿ ಬಳಿ ಇಟ್ಟರೆ ಬಿಸಿಲು ಒಳಗಿನ ಪರದೆ ಮೇಲೆ ಬಿದ್ದು ಸುಡುತ್ತದೆ, ಆ ಕಲೆ ಹೋಗುವುದೇ ಇಲ್ಲ. ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ವೈಫೈ: ಕಾಲೇಜಿನ ವೈಫೈಗೆ ಸೇರಿಸಲು ಹೋಗಬೇಡಿ. ಲಾಗಿನ್ ಪೇಜ್ ಬರುವ ವೈಫೈ ಹೆಡ್‌ಸೆಟ್‌ನಲ್ಲಿ ಪದೇಪದೇ ಕೈಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಲೇಜು ನೆಟ್‌ವರ್ಕ್‌ಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಹಾಕಿರುತ್ತಾರೆ. ಆಗ ಹೆಡ್‌ಸೆಟ್‌ನಲ್ಲಿ ಎಲ್ಲ ಸರಿ ಇದ್ದರೂ ಟ್ಯಾಬ್‌ಗೆ ಚಿತ್ರ ಬರುವುದಿಲ್ಲ, ಎಲ್ಲರೂ ಹೆಡ್‌ಸೆಟ್ಟನ್ನೇ ಬೈಯುತ್ತಾರೆ. ಆ ಕೋಣೆಗೇ ಬೇರೆ ರೂಟರ್ ತನ್ನಿ, 5 ಗಿಗಾಹರ್ಟ್ಸ್, ಅದರಲ್ಲಿ ನಾಲ್ಕು ಹೆಡ್‌ಸೆಟ್, ನಾಲ್ಕು ಟ್ಯಾಬ್ ಬಿಟ್ಟು ಇನ್ನೇನೂ ಬೇಡ. ಅಪ್‌ಡೇಟ್‌ಗಳನ್ನು ಹಿಂದಿನ ದಿನ ಸಂಜೆಯೇ ಮುಗಿಸಿ. ಪಾಠದ ಹೊತ್ತಿಗೆ ಅಪ್‌ಡೇಟ್ ಕೇಳುವುದು ಈ ಯಂತ್ರಗಳ ಜಾತಿಗುಣ.

ಬ್ಯಾಟರಿ: ಸುಮಾರು ಎರಡು ಗಂಟೆ ಬರುತ್ತದೆ. ಬೆಳಗ್ಗೆ ಒಂದು ಗುಂಪು, ಮಧ್ಯ ಚಾರ್ಜ್, ಮಧ್ಯಾಹ್ನ ಒಂದು ಗುಂಪು. ಮೂರು ಗುಂಪು ಒಂದೇ ದಿನ ಆಗುವುದಿಲ್ಲ. ಕಂಟ್ರೋಲರ್‌ಗೆ ಎಎ ಸೆಲ್, ರೀಚಾರ್ಜ್ ಆಗುವಂಥದ್ದನ್ನು ಎರಡು ಜೊತೆ ಇಟ್ಟುಕೊಳ್ಳಿ. ರೂಟರಿಗೆ ಯುಪಿಎಸ್ ಇರಲಿ. ಕರೆಂಟ್ ಹೋದರೆ ಹೆಡ್‌ಸೆಟ್ ನಡೆಯುತ್ತದೆ, ರೂಟರ್ ಸಾಯುತ್ತದೆ, ಟ್ಯಾಬ್ ನೋಡುವವಳಿಗೆ ಕತ್ತಲು.

ತಲೆಸುತ್ತು: ಕಣ್ಣು 'ನಡೆಯುತ್ತಿದ್ದೇನೆ' ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ 'ನಿಂತಿದ್ದೇನೆ' ಅನ್ನುತ್ತದೆ. ಆ ಜಗಳವೇ ಓಕರಿಕೆ. ಕಂಟ್ರೋಲರಿನ ಕಡ್ಡಿ ತಿರುಗಿಸಿ ಜಾರುವ ಬಗೆಯ ಚಲನೆ ಬೇಡ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆಯುವ ಟೆಲಿಪೋರ್ಟ್ ಇಡಿ. ಎರಡು ಕಣ್ಣಿನ ಪಾಪೆಗಳ ಅಂತರಕ್ಕೆ ಲೆನ್ಸ್ ಹೊಂದಿಸಬೇಕು, ಇದನ್ನು ಯಾರೂ ಮಾಡುವುದಿಲ್ಲ. ಕ್ವೆಸ್ಟ್ 3ರಲ್ಲಿ ತಿರುಗಿಸುವ ಗಾಲಿ ಇದೆ, ಕ್ವೆಸ್ಟ್ 2 ಮತ್ತು 3ಎಸ್‌ನಲ್ಲಿ 58, 63, 68 ಮಿಲಿಮೀಟರ್ ಮೂರೇ ನಿಲುವು. ಸ್ಕೇಲ್ ಹಿಡಿದು ಒಮ್ಮೆ ಅಳೆದು ರಿಜಿಸ್ಟರ್‌ನಲ್ಲಿ ಹೆಸರಿನ ಮುಂದೆ ಬರೆದಿಡಿ. ಊಟವಾದ ಕೂಡಲೇ ಬೇಡ. ಒಂದು ಪೆಡೆಸ್ಟಲ್ ಫ್ಯಾನ್ ಒಂದೇ ದಿಕ್ಕಿನಿಂದ ಬೀಸಲಿ. ಮುಖಕ್ಕೆ ಗಾಳಿ, ಜೊತೆಗೆ ತಾನು ಯಾವ ಕಡೆ ತಿರುಗಿದ್ದೇನೆ ಅಂತ ದೇಹಕ್ಕೂ ತಿಳಿಯುತ್ತದೆ. ಬೆವರು, ಆಕಳಿಕೆ, ಬಾಯಲ್ಲಿ ನೀರು ಬಂದರೆ ಆಗಲೇ ತೆಗೆಯಬೇಕು, 'ಇನ್ನೆರಡು ನಿಮಿಷ' ಅಂದರೆ ಬಕೆಟ್ ಬೇಕಾಗುತ್ತದೆ. ತೆಗೆದವಳು ಅರ್ಧ ಗಂಟೆ ಸ್ಕೂಟಿ ಓಡಿಸಬಾರದು. ಫಿಟ್ಸ್ ಇರುವವರು, ಮೈಗ್ರೇನ್ ಜೋರಾಗಿರುವವರಿಗೆ ಟ್ಯಾಬ್ ನೋಡುವ ಪಾತ್ರ ಕೊಡಿ. ಅವರಿಗೆ ಮಾರ್ಕ್ಸ್ ಕಡಿಮೆಯಾಗದಂತೆ ನೋಡಿಕೊಳ್ಳಬೇಕಾದ್ದು ಮೇಡಂ ಕೆಲಸ.

ಅನುಮಾನ_ರಾಯ

ಕ್ಲಿನಿಕಲ್ ಅವರ್ಸ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮಾರುವವರು ತೋರಿಸುವ ಕಾಗದ ಯಾವುದು ಅಂತ ಊಹಿಸಬಲ್ಲೆ. ಅಮೆರಿಕದ ಎನ್‌ಸಿಎಸ್‌ಬಿಎನ್ (ಅಲ್ಲಿನ ರಾಜ್ಯ ನರ್ಸಿಂಗ್ ಮಂಡಳಿಗಳ ಒಕ್ಕೂಟ) 2014ರಲ್ಲಿ ಪ್ರಕಟಿಸಿದ ಅಧ್ಯಯನ: ಹತ್ತು ನರ್ಸಿಂಗ್ ಕಾರ್ಯಕ್ರಮಗಳಲ್ಲಿ ಕ್ಲಿನಿಕಲ್ ಅವಧಿಯ 25 ಮತ್ತು 50 ಶೇಕಡಾವನ್ನು ಸಿಮ್ಯುಲೇಷನ್‌ಗೆ ಬದಲಾಯಿಸಿ ನೋಡಿದರು, ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಒಳ್ಳೆಯದೇ. ಆದರೆ ಅದು ತಲೆಗೆ ಕಟ್ಟುವ ಪೆಟ್ಟಿಗೆಯ ಅಧ್ಯಯನ ಅಲ್ಲ. ಮ್ಯಾನಿಕಿನ್ (ರೋಗಿಯ ಬೊಂಬೆ), ರೋಗಿ ಪಾತ್ರ ಮಾಡುವವರು, ತರಬೇತಾದ ಫ್ಯಾಕಲ್ಟಿ, ಪ್ರತಿ ಸಿನಾರಿಯೊ ಮುಗಿದಮೇಲೆ ಶಿಸ್ತಿನ ಡಿಬ್ರೀಫಿಂಗ್, ಇವೆಲ್ಲ ಇದ್ದಲ್ಲಿ ಬಂದ ಫಲಿತಾಂಶ. ಅದನ್ನು ಎತ್ತಿ ಹೆಡ್‌ಸೆಟ್ ಮೇಲೆ ಅಂಟಿಸುವುದು ವ್ಯಾಪಾರ.

ಇಲ್ಲಿ ಅವರ್ಸ್ ಲೆಕ್ಕ ತೀರ್ಮಾನಿಸುವುದು ಐಎನ್‌ಸಿ ನಿಯಮ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ಲಿಖಿತವಾಗಿ ಒಪ್ಪಿಗೆ ಇಲ್ಲದೆ ವಾರ್ಡ್ ಪೋಸ್ಟಿಂಗ್ ಕತ್ತರಿಸಬೇಡಿ. ಸ್ಕಿಲ್ ಲ್ಯಾಬ್ ಅವರ್ಸ್ ಅಂತ ಹಾಕಿ, ಅಲ್ಲಿ ಯಾರೂ ಪ್ರಶ್ನೆ ಮಾಡುವುದಿಲ್ಲ. ಕ್ಲಿನಿಕಲ್‌ನ ಒಂದು ಕ್ರೆಡಿಟ್ 80 ಗಂಟೆ, ಅದನ್ನು ರೋಗಿಯ ಪಕ್ಕದಲ್ಲೇ ಕಳೆಯಲಿ.

ಇನ್ನೊಂದು, ಸಾಫ್ಟ್‌ವೇರ್ ಕೊಡುವ ಸ್ಕೋರನ್ನು ಇಂಟರ್ನಲ್ ಅಸೆಸ್‌ಮೆಂಟ್‌ಗೆ ಹಾಕಬೇಡಿ. ಸ್ಯಾನಿಟೈಸರ್ ಮುಟ್ಟಿದರೆ ಅಂಕ ಅಂತ ಗೊತ್ತಾದ ದಿನದಿಂದ ಮಕ್ಕಳು ಅದನ್ನು ಒಂಬತ್ತು ಸಲ ಮುಟ್ಟುತ್ತಾರೆ.

ವಾರ್ಡ್_ಸಿಸ್ಟರ್ (ಸಕಲೇಶಪುರ)

ಸಾಫ್ಟ್‌ವೇರ್‌ನಲ್ಲಿ ಎಲ್ಲ ಕಡೆ ಇನ್ಫ್ಯೂಷನ್ ಪಂಪ್. ಒಂದು ಬಟನ್, ರಕ್ತ ನಿಂತಿತು. ಜನರಲ್ ವಾರ್ಡಿನಲ್ಲಿ ಇರುವುದು ರೋಲರ್ ಕ್ಲ್ಯಾಂಪ್ ಮತ್ತು ಗಡಿಯಾರ. ಹನಿ ಎಣಿಸಲು ಬರದ ಹುಡುಗಿ ವಿಆರ್‌ನಲ್ಲಿ ನೂರಕ್ಕೆ ನೂರು ತೆಗೆದು ವಾರ್ಡಿನಲ್ಲಿ ನಿಂತುಬಿಡುತ್ತಾಳೆ. ಹಾಗೇ 'ಸೆಟ್ ಬದಲಾಯಿಸು' ಅನ್ನುವುದೂ ಅಲ್ಲಿ ಒಂದೇ ಒತ್ತು. ನಿಜದಲ್ಲಿ ಹಬ್ ಹಿಡಿದು, ಮೇಲೆ ನರ ಒತ್ತಿ, ರಕ್ತ ಚೆಲ್ಲದಂತೆ ತಿರುಗಿಸಬೇಕು.

ಆದ್ದರಿಂದ ಹೆಡ್‌ಸೆಟ್‌ಗೆ ಮೊದಲು ಅರ್ಧ ಗಂಟೆ ನಿಜವಾದ ಬ್ಲಡ್ ಸೆಟ್, ಐವಿ ಸ್ಟ್ಯಾಂಡ್, ರಬ್ಬರ್ ತೋಳು. ಬ್ಯಾಗಿಗೆ ನೀರು, ಅಡುಗೆ ಬಣ್ಣ. ಹನಿ ಬೀಳುವ ಚೇಂಬರನ್ನು ಒಳಗಿನ ಫಿಲ್ಟರ್ ಮುಳುಗುವಷ್ಟು ತುಂಬಿಸಿ, ಗಾಳಿ ತೆಗೆದು, ಹನಿ ಹೊಂದಿಸಲಿ. 20 ಹನಿಗೆ 1 ಎಂಎಲ್‌ನ ಸೆಟ್ ಆದರೆ ನಿಮಿಷಕ್ಕೆ 20 ಹನಿ ಅಂದರೆ ನಿಮಿಷಕ್ಕೆ 1 ಎಂಎಲ್. ಮೊದಲ 15 ನಿಮಿಷ ನಿಧಾನ, ರೋಗಿಯ ಪಕ್ಕ ಬಿಟ್ಟು ಕದಲಬಾರದು. ಸೆಟ್ಟಿನ ಕವರ್ ಮೇಲೆ ಹನಿ ಲೆಕ್ಕ ಅಚ್ಚಾಗಿರುತ್ತದೆ, ಅದನ್ನು ಓದುವ ಅಭ್ಯಾಸವೂ ಅಲ್ಲೇ ಆಗಲಿ. ಬ್ಲಡ್ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹಾಕಬಾರದು. ಆರ್‌ಎಲ್‌ನಲ್ಲಿ (ರಿಂಗರ್ ಲ್ಯಾಕ್ಟೇಟ್) ಕ್ಯಾಲ್ಸಿಯಂ ಇದೆ, ಹೆಪ್ಪುಗಟ್ಟುತ್ತದೆ. ಡೆಕ್ಸ್‌ಟ್ರೋಸ್‌ನಲ್ಲಿ ಕೆಂಪು ಕಣ ಒಡೆಯುತ್ತದೆ.

ಭಾಷೆಯ ಮಾತು ಎಲ್ಲಕ್ಕಿಂತ ದೊಡ್ಡದು. ಸಾಫ್ಟ್‌ವೇರಿನ ರೋಗಿ ತನಗೆ ಸೊಂಟದ ಪಕ್ಕ ನೋವು ಅಂತ ಪಠ್ಯಪುಸ್ತಕದ ಇಂಗ್ಲಿಷ್‌ನಲ್ಲಿ ಒಪ್ಪಿಸುತ್ತಾನೆ. ನಮ್ಮ ಕಡೆಯ ಅಜ್ಜಿ ಹಾಗನ್ನುವುದಿಲ್ಲ. "ಯಾಕೋ ಸೊಂಟ ಹಿಡ್ಕಂಡಂಗಾಯ್ತದೆ ಕಣವ್ವ", "ಮೈಯೆಲ್ಲ ಜುಮ್ಮಂತದೆ, ಒಂದು ಕಂಬ್ಳಿ ಹೊದಿಸ್ತೀಯಾ?" ಅಷ್ಟೆ. ಕಂಬಳಿ ಹೊದಿಸಿ ಹೋದರೆ ರಿಯಾಕ್ಷನ್ ತಪ್ಪಿಹೋಯಿತು. ಕಂಬಳಿ ಕೇಳಿದ್ದೇ ಲಕ್ಷಣ. ಬ್ಯಾಚಿನಲ್ಲಿ ಕೇರಳದ ಮಕ್ಕಳಿದ್ದರಂತೂ ಇದು ಇನ್ನೂ ಮುಖ್ಯ. 'ಉಸ್ರು ಕಟ್ತದೆ', 'ಎದೆ ಬಿಗ್ದಂಗದೆ', 'ಕಣ್ಣು ಕತ್ಲೆ ಬತ್ತದೆ', 'ಹೊಟ್ಟೆ ತೊಳಸ್ತದೆ' ಇವನ್ನು ಕಿವಿಗೆ ಬೀಳಿಸಿ. ನಿಘಂಟಿನ ಕನ್ನಡ ಕಲಿಸಿದರೆ ವಾರ್ಡಿನಲ್ಲಿ ಉಪಯೋಗಕ್ಕೆ ಬಾರದು.

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದ. ನಾಲ್ಕು ಮತ್ತು ಒಂದು ಸ್ಪೇರ್ ಅಂತ ಹೊಸ ಕೊಟೇಶನ್ ಕೇಳ್ತೀವಿ. ಸಿಸ್ಟರ್ ಹೇಳಿದ ಕನ್ನಡ ರೋಗಿಯನ್ನು ಸಾಫ್ಟ್‌ವೇರಿನೊಳಗೆ ತರಲು ದಾರಿ ಇದೆಯಾ? ಕಂಪನಿಯವರು ಅನುವಾದಕ್ಕೆ ಪ್ರತ್ಯೇಕ ಹಣ ಅಂತಾರೆ. 360 ಡಿಗ್ರಿ ವಿಡಿಯೊ ನಾವೇ ಮಾಡಿಕೊಳ್ಳಬಹುದಾ? ಮತ್ತೆ ಡಿಬ್ರೀಫಿಂಗ್‌ನ 45 ನಿಮಿಷ ಏನು ಮಾಡಬೇಕು ಅಂತ ಸ್ವಲ್ಪ ಬಿಡಿಸಿ ಹೇಳಿ ಮೇಡಂ.

ಮುಳ್ಳಯ್ಯನಗಿರಿ_ಟೆಕ್ (ಚಿಕ್ಕಮಗಳೂರು)

ಅನುವಾದಕ್ಕೆ ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. 'ಶಸ್ತ್ರಚಿಕಿತ್ಸೆ', 'ರಕ್ತಸ್ರಾವ' ಅಂತ ಎರಡು ಪದ ತೆರೆಯ ಮೇಲೆ ತೋರಿಸಲು ಹೇಳಿ. ಇಂಥ ಸಾಫ್ಟ್‌ವೇರ್ ಬಹಳಷ್ಟು ಯೂನಿಟಿ ಅನ್ನುವ ಗೇಮ್ ಎಂಜಿನ್‌ನಲ್ಲಿ ಕಟ್ಟಿದ್ದು. ಅದರಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ, ಅಕ್ಷರಗಳು ಬಿಡಿಬಿಡಿಯಾಗಿ ಉದುರಿ ಬೀಳುತ್ತವೆ. ಸುಲಭದ ದಾರಿ, ಬೇರೆ ಕಡೆ ಟೈಪ್ ಮಾಡಿ ಚಿತ್ರವಾಗಿ ಉಳಿಸಿ ಅಂಟಿಸುವುದು. ಧ್ವನಿ ಮಾತ್ರ ಬದಲಾಯಿಸಿದರೂ ಮುಕ್ಕಾಲು ಕೆಲಸ ಆದಂತೆ. ರೋಗಿಯ ಹತ್ತಿಪ್ಪತ್ತು ಮಾತಿನ ಆಡಿಯೊ ಫೈಲ್ ಬದಲಾಯಿಸಲು ಅವಕಾಶ ಕೊಡುತ್ತಾರಾ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಮಾತಾಡಿ ಪ್ರಶ್ನೆ ಕೇಳುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಡಿ. ಕನ್ನಡ-ಇಂಗ್ಲಿಷ್ ಬೆರೆತ ಮಾತು ಅದಕ್ಕೆ ಅರ್ಥವಾಗದೆ ಹುಡುಗಿ ಒಂದೇ ಪ್ರಶ್ನೆಯನ್ನು ಐದು ಸಲ ಕಿರುಚುತ್ತಾಳೆ, ಪಕ್ಕದ ಮೂರು ಹೆಡ್‌ಸೆಟ್‌ಗೂ ಅದೇ ಕೇಳಿಸುತ್ತದೆ. ಎಲ್ಲರಿಗೂ ತಂತಿಯ ಇಯರ್‌ಫೋನ್ ಕೊಡಿ.

360 ವಿಡಿಯೊ ಖಂಡಿತ ಮಾಡಬಹುದು, ಮಿತಿ ತಿಳಿದು ಮಾಡಿ. ಅದರಲ್ಲಿ ತಲೆ ತಿರುಗಿಸಬಹುದು, ನಡೆಯಲಾಗುವುದಿಲ್ಲ, ಏನನ್ನೂ ಮುಟ್ಟಲಾಗುವುದಿಲ್ಲ. ಹಾಗಾಗಿ ಕುರ್ಚಿಯಲ್ಲಿ ಕೂತೇ ನೋಡಲಿ. ಕ್ಯಾಮೆರಾ ನೆಲದಿಂದ ಸುಮಾರು 5 ಅಡಿ, ಕಡ್ಡಿಯಂಥ ಸ್ಟ್ಯಾಂಡ್ ಮೇಲೆ. ಕೂತು ನೋಡುವುದಾದರೆ 4 ಅಡಿಗೆ ಇಳಿಸಿ, ಇಲ್ಲದಿದ್ದರೆ ತಾನು ಗಾಳಿಯಲ್ಲಿ ತೇಲುತ್ತಿದ್ದೇನೆ ಅನ್ನಿಸುತ್ತದೆ. ಎರಡು ಲೆನ್ಸ್‌ಗಳ ಚಿತ್ರ ಹೊಲಿಯುವ ಗೆರೆಯ ಮೇಲೆ ರೋಗಿಯ ಮುಖ ಬರಬಾರದು, ಒಂದು ಲೆನ್ಸ್ ನೇರ ಮಂಚದ ಕಡೆ ಇರಲಿ. ಯಾರೂ ಕ್ಯಾಮೆರಾಗೆ ಮೂರಡಿಗಿಂತ ಹತ್ತಿರ ಬರಬಾರದು.

5.7ಕೆ ಅಂತ ಡಬ್ಬದ ಮೇಲೆ ಬರೆದಿರುವುದನ್ನು ನೋಡಿ ಮೋಸಹೋಗಬೇಡಿ. 5760 ಪಿಕ್ಸೆಲ್ ಇಡೀ ಸುತ್ತಿಗೆ. ಕಣ್ಣೆದುರಿನ 90 ಡಿಗ್ರಿಗೆ ಸಿಗುವುದು ಅದರ ಕಾಲು ಭಾಗ, 1440. ಬ್ಲಡ್ ಬ್ಯಾಗಿನ ಚೀಟಿ ಓದಲು ಬರುವುದೇ ಇಲ್ಲ. ಚೀಟಿ, ಮಾನಿಟರ್, ಕೇಸ್ ಶೀಟ್ ಇವನ್ನು ಬೇರೆಯಾಗಿ ಫೋಟೊ ತೆಗೆದು ಎಡಿಟಿಂಗ್‌ನಲ್ಲಿ ಮೇಲೆ ಕೂರಿಸಿ. 100 ಎಂಬಿಪಿಎಸ್‌ನಲ್ಲಿ ಹತ್ತು ನಿಮಿಷದ ವಿಡಿಯೊ 7.5 ಜಿಬಿ ಆಗುತ್ತದೆ. ವೈಫೈನಲ್ಲಿ ಹರಿಸಬೇಡಿ, ಹೆಡ್‌ಸೆಟ್ ಒಳಗೇ ಕಾಪಿ ಮಾಡಿ. ನಿಜವಾದ ವಾರ್ಡಿನಲ್ಲಿ ಚಿತ್ರೀಕರಣ ಬೇಡವೇ ಬೇಡ, 360ರಲ್ಲಿ ಹಿಂದಿನ ಮಂಚದ ರೋಗಿಯೂ ಬರುತ್ತಾರೆ. ಸ್ಕಿಲ್ ಲ್ಯಾಬಿನಲ್ಲೇ ಸೆಟ್ ಹಾಕಿ, ಅಜ್ಜಿ ಪಾತ್ರಕ್ಕೆ ಆ ಭಾಷೆ ಸಹಜವಾಗಿ ಆಡುವವರನ್ನು ಕೂರಿಸಿ.

ಡಿಬ್ರೀಫ್_ಮೇಡಂ

ಡಿಬ್ರೀಫಿಂಗ್‌ಗೆ ಹೆಡ್‌ಸೆಟ್ ಕೋಣೆ ಬಿಟ್ಟು ಹೊರಗೆ ಬನ್ನಿ, ಸುತ್ತಾಗಿ ಕೂರಿಸಿ. ಮೊದಲ ಐದು ನಿಮಿಷ ಹೇಗನ್ನಿಸಿತು ಅಂತ ಬರೀ ಮಾತು. ಎದೆ ಹೊಡೆದುಕೊಳ್ಳುತ್ತಿರುವಾಗ ತಪ್ಪು ಎಣಿಸಿದರೆ ಕಿವಿಗೆ ಹೋಗುವುದಿಲ್ಲ. ಆಮೇಲೆ ಏನಾಯಿತು ಅಂತ ಅವರೇ ಹೇಳಲಿ. ಹೆಚ್ಚು ಹೊತ್ತು, ಕನಿಷ್ಠ 25 ನಿಮಿಷ, ಯಾಕೆ ಹಾಗಾಯಿತು ಅನ್ನುವುದಕ್ಕೆ.

ಇಲ್ಲಿ ಟ್ಯಾಬ್ ನೋಡಿದವಳು ಬರೆದ ಸಮಯದ ಚೀಟಿ ಬೇಕು. ಚೀಟಿಯಲ್ಲಿ ಆರೇ ಸಾಲು: ಹೆಸರು ಹೇಗೆ ಕೇಳಿದಳು, ಮೊದಲ ವೈಟಲ್ಸ್ ಎಷ್ಟಕ್ಕೆ, ರೋಗಿ ಮೊದಲು ಏನೆಂದಳು, ಕ್ಲ್ಯಾಂಪ್ ಎಷ್ಟಕ್ಕೆ, ಹೊಸ ಸೆಟ್ ಎಷ್ಟಕ್ಕೆ, ಫೋನ್ ಎಷ್ಟಕ್ಕೆ. ಮೂರನೇ ಮತ್ತು ನಾಲ್ಕನೇ ಸಾಲಿನ ನಡುವಿನ ಅಂತರವೇ ಆ ದಿನದ ಪಾಠ. 20 ಸಾಲಿನ ಚೆಕ್‌ಲಿಸ್ಟ್ ಕೊಟ್ಟರೆ ಅವಳು ತೆರೆ ನೋಡುವುದು ಬಿಟ್ಟು ಟಿಕ್ ಹಾಕುತ್ತ ಕೂರುತ್ತಾಳೆ.

"ಯಾಕೆ ನಿಲ್ಲಿಸಲಿಲ್ಲ?" ಅಂತ ಕೇಳಿದರೆ "ಸಾರಿ ಮೇಡಂ" ಬರುತ್ತದೆ, ಮಾತು ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: "ಸಿನಾರಿಯೊದ ಏಳನೇ ನಿಮಿಷಕ್ಕೆ ಲಕ್ಷ್ಮಮ್ಮ ಕಂಬಳಿ ಕೇಳಿದರು, ನೀನು ಚಾರ್ಟ್ ಬರೀತಿದ್ದೆ, ಹತ್ತನೇ ನಿಮಿಷಕ್ಕೆ ಕ್ಲ್ಯಾಂಪ್ ಮುಚ್ಚಿದೆ. ನನಗೆ ಆ ಮೂರು ನಿಮಿಷ ಜಾಸ್ತಿ ಅನ್ನಿಸಿತು. ಆಗ ನಿನ್ನ ತಲೆಯಲ್ಲಿ ಏನು ಓಡ್ತಿತ್ತು?" ಆಗ ನಿಜ ಹೊರಗೆ ಬರುತ್ತದೆ: 'ಡಾಕ್ಟರನ್ನ ಕೇಳದೆ ನಿಲ್ಲಿಸಬಹುದಾ ಅಂತ ಗೊತ್ತಾಗಲಿಲ್ಲ.' ನಿಲ್ಲಿಸಬಹುದು, ನಿಲ್ಲಿಸಲೇಬೇಕು, ಆರ್ಡರ್‌ಗೆ ಕಾಯಬಾರದು. ತಡವಾಗುವುದಕ್ಕೆ ಹೆಚ್ಚಿನ ಸಲ ಕಾರಣ ತಿಳಿವಳಿಕೆ ಕಡಿಮೆ ಇರುವುದಲ್ಲ, ಈ ಅಳುಕು.

12 ನಿಮಿಷದ ಸಿನಾರಿಯೊದಲ್ಲಿ ಇಷ್ಟೆಲ್ಲ ಹಿಡಿಸಲು ಗಡಿಯಾರ ಹತ್ತು ನಿಮಿಷ ಮುಂದಕ್ಕೆ ಜಿಗಿಯುವಂತಿದ್ದರೆ ಮೊದಲ ವಿವರಣೆಯಲ್ಲೇ ಹೇಳಿಬಿಡಿ. ಇಲ್ಲದಿದ್ದರೆ '15 ನಿಮಿಷದ ವೈಟಲ್ಸ್ ಯಾಕೆ ತೆಗೆಯಲಿಲ್ಲ' ಅನ್ನುವ ಚರ್ಚೆ ಸಾಫ್ಟ್‌ವೇರಿನ ಜಗಳವಾಗಿ ಮುಗಿಯುತ್ತದೆ.

ವಾರ್ಡ್_ಸಿಸ್ಟರ್ (ಸಕಲೇಶಪುರ)

ಸ್ವಚ್ಛತೆ ಯಾರೂ ಹೇಳಲಿಲ್ಲ. ದಿನಕ್ಕೆ ಎರಡು ಗುಂಪು ಅಂದರೆ ಒಂದೊಂದು ಹೆಡ್‌ಸೆಟ್ ಆರು ಮುಖಕ್ಕೆ ತಗಲುತ್ತದೆ. ಜೊತೆಗೆ ಬಂದಿರುವ ಸ್ಪಂಜಿನ ಪ್ಯಾಡ್ ತೆಗೆದು ಸಿಲಿಕೋನ್ ಕವರ್ ಹಾಕಿ, ಸ್ಪಂಜು ಬೆವರು ಕುಡಿಯುತ್ತದೆ. ಪ್ರತಿ ಸರದಿಗೂ ಸಿಲಿಕೋನ್, ಪಟ್ಟಿ, ಕಂಟ್ರೋಲರ್ ಎಲ್ಲವನ್ನೂ ಆಲ್ಕೋಹಾಲ್ ಇಲ್ಲದ ವೈಪ್‌ನಿಂದ ಒರೆಸಿ ಒಣಗಲು ಬಿಡಿ. ಲೆನ್ಸ್‌ಗೆ ಸ್ಪಿರಿಟ್ ತಾಕಿಸಬೇಡಿ, ಮೇಲಿನ ಲೇಪ ಹೋಗಿ ಮಂಜಾಗುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆ, ಮಧ್ಯದಿಂದ ಹೊರಕ್ಕೆ. ಕಣ್ಣು ಕೆಂಪಾದವರು ಅವತ್ತು ಮುಟ್ಟಲೇಬಾರದು.

ಸ್ಟಿಕ್ಕರ್ ಬೊಟ್ಟು ತೆಗೆಸಿ ಕೂರಿಸಿ. ಒಬ್ಬಳ ಬೊಟ್ಟು ಒಳಗೆ ಅಂಟಿ ಇನ್ನೊಬ್ಬಳ ಹಣೆಗೆ ಬರುತ್ತದೆ, ಕೆಲವು ಸಲ ಲೆನ್ಸ್‌ಗೂ. ಯೂನಿಫಾರ್ಮ್‌ನ ಗಂಟು ಜಡೆ ಹಿಂದಿನ ಪಟ್ಟಿಯನ್ನು ಮೇಲೆ ತಳ್ಳುತ್ತದೆ, ಆಗ ಹೆಡ್‌ಸೆಟ್ ಮೂಗಿನ ಮೇಲೆ ಜಾರಿ ಅಕ್ಷರ ಮಂಜು. ಅವತ್ತು ಮಾತ್ರ ಕೆಳಗೆ ಕಟ್ಟಿದ ಒಂದೇ ಜಡೆ. ತಲೆಗೆ ಎಣ್ಣೆ ಹಾಕಿದ್ದರೆ ಡಿಸ್ಪೋಸಬಲ್ ಕ್ಯಾಪ್. ಕನ್ನಡಕದವರಿಗೆ ಸ್ಪೇಸರ್ ಹಾಕದಿದ್ದರೆ ಕನ್ನಡಕದ ಗಾಜು ಲೆನ್ಸ್ ಗೀರುತ್ತದೆ, ಆ ಗೀರು ಎಲ್ಲರ ಪಾಲಿಗೂ ಉಳಿಯುತ್ತದೆ.

ಮಳೆಗಾಲದಲ್ಲಿ ಬೀರುವಿನಲ್ಲಿ ಹಾಗೇ ಇಡಬೇಡಿ. ಹಾಸನದಲ್ಲಿ ಹೇಗೋ ನಡೆದೀತು, ಘಟ್ಟದ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಮೇಲೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ನೀಲಿ ಬರಿಸಿ ಮತ್ತೆ ಹಾಕಿ. ಕಂಟ್ರೋಲರ್‌ನಿಂದ ಸೆಲ್ ತೆಗೆದಿಡುವುದನ್ನು ಮರೆಯಬೇಡಿ.